ಪದೇ ಪದೇ ಕಾಡುವ ಪಾಪ್‌ಅಪ್ ಜಾಹೀರಾತು: ಫಾರ್ಮ್ಯಾಟ್ ಮಾಡಿಸುವ ಮುನ್ನ

ಗಣಕಯಂತ್ರ ಚಾಲೂ ಮಾಡಿದೊಡನೆ ಪರದೆಯ ಬಲಮೂಲೆಯಲ್ಲಿ 'ನಿಮ್ಮ ಗಣಕಕ್ಕೆ ಐದು ವೈರಸ್ ತಗುಲಿವೆ' ಎಂಬ ಚೌಕಟ್ಟು ಮೂಡುತ್ತದೆ. ಅದನ್ನು ಮುಚ್ಚಿದರೆ ಲಾಟರಿಯ ಆಮಿಷ, ಅದನ್ನೂ ಮುಚ್ಚಿದರೆ ಅಶ್ಲೀಲ ಚಿತ್ರ. ಹೀಗೆ ಜಾಹೀರಾತು ತೋರಿಸಿ ಹಣ ಗಳಿಸಲೆಂದೇ ರೂಪಿಸಿದ ತಂತ್ರಾಂಶಕ್ಕೆ ಆಡ್‌ವೇರ್ ಎಂದು ಹೆಸರು.

ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಮದ್ದು ಫಾರ್ಮ್ಯಾಟ್. ಪ್ರತಿ ತೆಗೆದಿಡದೆ ಫಾರ್ಮ್ಯಾಟ್ ಮಾಡಿದರೆ ಮದುವೆಯ ಫೋಟೋಗಳು, ನುಡಿಯಲ್ಲಿ ಬೆರಳಚ್ಚಿಸಿದ ಕಡತಗಳು, ಸ್ಕ್ಯಾನ್ ಮಾಡಿಟ್ಟ ಪಹಣಿ ಎಲ್ಲವೂ ಜಾಹೀರಾತಿನ ಜತೆಗೇ ಹೋಗುತ್ತವೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರಿನವರಿಗಾದರೆ ಯಂತ್ರವನ್ನು ಹೊತ್ತು ಹನೂರಿಗೋ ಕೊಳ್ಳೇಗಾಲಕ್ಕೋ ಅಲೆಯುವ ಖರ್ಚು ಬೇರೆ. ಮೊಬೈಲ್‌ನ ಡೇಟಾವನ್ನೇ ಗಣಕಕ್ಕೆ ಹಂಚಿಕೊಳ್ಳುವ ಮನೆಗಳಲ್ಲಿ ಆ ದಿನದ ಡೇಟಾವನ್ನೂ ಜಾಹೀರಾತುಗಳೇ ನುಂಗುತ್ತವೆ.

ಮೂಲೆಯ ಚೌಕಟ್ಟು ಎಷ್ಟೋ ಬಾರಿ ವೈರಸ್ಸೇ ಅಲ್ಲ, ಬಳಕೆದಾರರೇ ಅರಿಯದೆ ಕೊಟ್ಟ ಅನುಮತಿ. ಸಿನಿಮಾ, ಕ್ರಿಕೆಟ್ ಅಥವಾ ಪರೀಕ್ಷಾ ಫಲಿತಾಂಶ ಹುಡುಕುವಾಗ ಯಾವುದೋ ಜಾಲತಾಣ 'ನೀವು ರೋಬೋಟ್ ಅಲ್ಲವೆಂದು ದೃಢಪಡಿಸಲು ಅಲೋ ಒತ್ತಿ' ಎನ್ನುತ್ತದೆ. ಒತ್ತಿದರೆ ಸೂಚನೆ ಕಳುಹಿಸುವ ಹಕ್ಕು ಅದಕ್ಕೆ ದಕ್ಕಿತು. ಆಂಟಿವೈರಸ್ ಎಷ್ಟು ಬಾರಿ ಓಡಿಸಿದರೂ ಏನೂ ಸಿಗದಿರುವುದು ಇದೇ ಕಾರಣಕ್ಕೆ. ಕ್ರೋಮ್‌ನಲ್ಲಿ ಮೇಲ್ತುದಿಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್ ಮೂಲಕ ನೋಟಿಫಿಕೇಷನ್ಸ್‌ಗೆ ಹೋದರೆ ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಪರಿಚಯವಿಲ್ಲದವನ್ನೆಲ್ಲ ಅಲ್ಲಿಂದ ತೆಗೆದುಹಾಕಬೇಕು.

ಅಷ್ಟರಲ್ಲಿ ನಿಲ್ಲದಿದ್ದರೆ ಎಕ್ಸ್‌ಟೆನ್ಷನ್‌ಗಳ ಸರದಿ. ಕೂಪನ್, ಹವಾಮಾನ, ಪಿಡಿಎಫ್ ಪರಿವರ್ತನೆಯ ಹೆಸರಿನಲ್ಲಿ ಕುಳಿತವುಗಳನ್ನು ಅನುಮಾನಿಸುವುದೇ ಲೇಸು. ತೆಗೆದದ್ದು ಮರುದಿನ ಮರಳಿದರೆ ಗೂಗಲ್ ಖಾತೆಯ ಸಿಂಕ್ ಮೂಲಕ ಬಂದಿರಬಹುದು. ಅದೇ ಖಾತೆ ಇರುವ ಇನ್ನೊಂದು ಗಣಕದಲ್ಲೂ ತೆಗೆಯಬೇಕಾಗುತ್ತದೆ. ಮನೆಯ ಯಂತ್ರದ ಕ್ರೋಮ್‌ನಲ್ಲಿ 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬ ಸಾಲು ಕಂಡರೆ ಎಚ್ಚರ ವಹಿಸಬೇಕು. ಕೆಲವು ಆಂಟಿವೈರಸ್‌ಗಳಿಂದಲೂ ಅದು ಮೂಡುವುದುಂಟು; ಅಂಥದ್ದೇನೂ ಇಲ್ಲವಾದರೆ ಆಡ್‌ವೇರ್ ತನ್ನ ನಿಯಮವನ್ನು ಬ್ರೌಸರ್ ಮೇಲೆ ಹೇರಿರುವ ಸಾಧ್ಯತೆ ಹೆಚ್ಚು.

ಬಳಿಕ ವಿಂಡೋಸ್‌ನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಉಪಟಳ ಶುರುವಾದ ದಿನದ ಆಸುಪಾಸಿನಲ್ಲಿ ಸೇರಿದ್ದನ್ನು ಗುರುತಿಸಬೇಕು. ಕೊನೆಗೆ ತೆರೆದ ಕಡತಗಳನ್ನು ಉಳಿಸಿ ಮೈಕ್ರೋಸಾಫ್ಟ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಬಹುದು. ಸುಮಾರು 15 ನಿಮಿಷದ ಕೆಲಸ. ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಅದು ಶೋಧಿಸುವುದರಿಂದ ಅಡಗಿ ಕುಳಿತದ್ದೂ ಸಿಗುವ ಸಂಭವವಿದೆ. ಆಡ್‌ವೇರ್‌ಗೆಂದೇ ಇರುವ ಉಚಿತ ಆಡ್‌ಡಬ್ಲ್ಯುಕ್ಲೀನರ್ ಕೂಡ ಉಪಯುಕ್ತ. ಅದನ್ನು 2016ರಲ್ಲಿ ಕೊಂಡ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಬೇಕು.

ಆಡ್‌ವೇರ್ ನುಸುಳುವ ಹಾದಿ ಬಹುತೇಕ ಪುಕ್ಕಟೆ ತಂತ್ರಾಂಶ. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಬಯಲಿಗೆಳೆದ 'ಫೈರ್‌ಬಾಲ್' ಇದಕ್ಕೆ ನಿದರ್ಶನ. ಬೀಜಿಂಗ್‌ನ ರಾಫೋಟೆಕ್ ಕಂಪನಿಯದೆನ್ನಲಾದ ಅದು ಉಚಿತ ಉತ್ಪನ್ನಗಳ ಬೆನ್ನೇರಿ ಬಂದು ಬ್ರೌಸರ್‌ನ ಮುಖಪುಟವನ್ನೂ ಹುಡುಕುಯಂತ್ರವನ್ನೂ ಬದಲಿಸುತ್ತಿತ್ತು. ಜಗತ್ತಿನ 25 ಕೋಟಿ ಗಣಕಗಳಿಗೆ ಸೋಂಕು ತಗುಲಿದ್ದು, ಭಾರತದ್ದೇ 2.5 ಕೋಟಿಗೂ ಮಿಕ್ಕಿ ಎಂದು ಸಂಸ್ಥೆ ಅಂದಾಜಿಸಿತು. ಈ ಲೆಕ್ಕ ಅತಿಯಾಯಿತೆಂದು ಮೈಕ್ರೋಸಾಫ್ಟ್ ತಕರಾರು ತೆಗೆದರೂ ನುಸುಳುವ ಬಗೆಯಲ್ಲಿ ಅನುಮಾನವಿರಲಿಲ್ಲ.

ಅಪಾಯ ನಿಜಕ್ಕೂ ಹೆಚ್ಚುವುದು ಪರದೆ ತುಂಬ ಎಚ್ಚರಿಕೆ ಹರಡಿ, ಸೈರನ್ ಮೊಳಗಿ, ಸಹಾಯವಾಣಿಯೆಂಬ ದೂರವಾಣಿ ಸಂಖ್ಯೆ ಕಾಣಿಸಿಕೊಂಡಾಗ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಕರೆ ಮಾಡಿದವರಿಂದ ದೂರನಿಯಂತ್ರಣದ ತಂತ್ರಾಂಶ ಹಾಕಿಸಿ ಬ್ಯಾಂಕ್ ಖಾತೆಗೆ ಕೈಹಾಕುವುದು ವಂಚಕರ ಹಳೆಯ ಪಾಠ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಪೂರ್ಣಪರದೆಯಿಂದ ಹೊರಬರಬೇಕು. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಬೇಕು. ಮರಳಿ ತೆರೆದಾಗ ಹಳೆಯ ಪುಟಗಳನ್ನು ತರಲೇ ಎಂದು ಅದು ಕೇಳಿದರೆ ಬೇಡವೆನ್ನಬೇಕು.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡುವುದು ಮುಖ್ಯ. ಹಣ ವರ್ಗಾವಣೆ ಪೂರ್ಣಗೊಳ್ಳುವ ಮುನ್ನ ದೂರು ತಲುಪಿದರೆ ಬ್ಯಾಂಕಿನಲ್ಲಿ ತಡೆಹಿಡಿಯಲು ಅವಕಾಶವಿದೆ. ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಅಪರಾಧ ಠಾಣೆ ಆರಂಭವಾಗಿತ್ತು. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿದ್ದು, ಹನೂರು, ಕೊಳ್ಳೇಗಾಲ, ಯಳಂದೂರಿನವರು ಚಾಮರಾಜನಗರದ ಠಾಣೆಗೆ ದೂರು ಕೊಡಬಹುದು. ಇನ್ನು ಯಂತ್ರ ಶುಚಿಗೊಳಿಸುವ ಉಚಿತ ಸಲಕರಣೆಗಳು ಕೇಂದ್ರ ಸರಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಲಭ್ಯ.