18 ವರ್ಷ ನಡೆದ 'ಟೆಸ್ಟ್': ಅಮೆರಿಕದ ಸರಳ ಸರ್ಕಾರಿ ಖರೀದಿಯ ಕತೆ

ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಮಗೊಂದು ನಿಯಮವಿತ್ತು: ರೀಡಿಂಗ್ ಬರೆದುಕೊಂಡಿಲ್ಲ ಅಂದ್ರೆ ಪ್ರಯೋಗ ಮಾಡಿಲ್ಲ ಅಂತಲೇ ಲೆಕ್ಕ. ಅಮೆರಿಕದ ಫೆಡರಲ್ ಸರ್ಕಾರದ ಒಂದು ಖರೀದಿ ಪ್ರಯೋಗದ ಬಗ್ಗೆ ಓದುವಾಗ ನನಗೆ ನೆನಪಾದದ್ದು ಇದೇ.

ಏನಿದು ಟೆಸ್ಟ್?

1990ರ ದಶಕದ ಮಧ್ಯದಲ್ಲಿ ಅಲ್ಲಿ 1 ಲಕ್ಷ ಡಾಲರ್‌ವರೆಗಿನ ಖರೀದಿಗೆ ಸರಳ ವಿಧಾನವಿತ್ತು. ಅದನ್ನು ದಾಟಿದರೆ ಉದ್ದನೆಯ ಔಪಚಾರಿಕ ಪ್ರಕ್ರಿಯೆ. ಮಾರುಕಟ್ಟೆಯಲ್ಲಿ ಮಾಮೂಲಾಗಿ ಸಿಗುವ ವಸ್ತುವಿಗೂ ಇಷ್ಟೆಲ್ಲ ಕಾಗದ ಯಾಕೆ ಎಂಬ ಪ್ರಶ್ನೆ ಎದ್ದಿತು. 1996ರ ಕ್ಲಿಂಗರ್-ಕೋಹೆನ್ ಕಾಯ್ದೆ ಇಂಥ ವಾಣಿಜ್ಯ ಸರಕು, ಸೇವೆಗಳಿಗೆ ಸರಳ ವಿಧಾನವನ್ನು 50 ಲಕ್ಷ ಡಾಲರ್‌ವರೆಗೆ ವಿಸ್ತರಿಸಿತು. ಆದರೆ ತಾತ್ಕಾಲಿಕವಾಗಿ, ಪರೀಕ್ಷೆಯಾಗಿ.

ಸರಳ ಅಂದ್ರೆ ಎಷ್ಟು ಸರಳ?

ಅಧಿಕಾರಿ ಔಪಚಾರಿಕ ಮೌಲ್ಯಮಾಪನ ಯೋಜನೆ ಮಾಡಬೇಕಿಲ್ಲ, ಬಿಡ್‌ದಾರರ ಜತೆ ಸುತ್ತು ಸುತ್ತಿನ ಚರ್ಚೆ ನಡೆಸಬೇಕಿಲ್ಲ. ದಾಖಲೆಯೂ ಕಡಿಮೆ. ಹಾಗಂತ ಬೇಕಾದವರಿಗೆ ಕೊಡಿ ಅಂತಲ್ಲ. ಸಾರ್ವಜನಿಕ ಪ್ರಕಟಣೆಯ ನಿಯಮ ಉಳಿಯಿತು. ಒಬ್ಬರಿಂದಲೇ ಕೊಳ್ಳುವುದಾದರೆ ಲಿಖಿತ ಸಮರ್ಥನೆ, ಅದಕ್ಕೆ ಅನುಮೋದನೆ ಬೇಕಿತ್ತು.

ಫಲಿತಾಂಶ ಏನಾಯ್ತು?

ಕತೆಯ ಗಂಟು ಇರೋದು ಇಲ್ಲೇ. ಅಮೆರಿಕ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2001ರಲ್ಲಿ ವರದಿ ಕೊಟ್ಟಿತು: ಈ ಪ್ರಯೋಗದ ಲಾಭಗಳು ಸ್ಪಷ್ಟವಾಗಿ ಸಾಬೀತಾಗಿಲ್ಲ. ಆದರೂ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. 2012ರ ಆರಂಭದಲ್ಲಿ ಅಧಿಕಾರ ರದ್ದಾಗಿ, ಸುಮಾರು ಒಂದು ವರ್ಷದ ನಂತರ ಮರಳಿತು. 2014ರ ಡಿಸೆಂಬರಿನಲ್ಲಿ ಸಹಿಯಾದ ರಕ್ಷಣಾ ಕಾಯ್ದೆ ಅದನ್ನು ಕಾಯಂ ಮಾಡಿತು. 2020ರಲ್ಲಿ ಮಿತಿ 75 ಲಕ್ಷ ಡಾಲರ್‌ಗೆ ಏರಿತು.

ನಮಗೇನು?

ಸರಳೀಕರಣವನ್ನು ನಾನು ವಿರೋಧಿಸುತ್ತಿಲ್ಲ. ಭಾರದ ಕಾಗದಪತ್ರ ಸಣ್ಣ ಕಂಪನಿಗಳನ್ನೇ ಮೊದಲು ಹೊರಗಟ್ಟುತ್ತದೆ. ಆದರೆ ಕಡಿಮೆ ದಾಖಲೆ ಅಂದ್ರೆ, ಆಮೇಲೆ ತಪ್ಪು ಹುಡುಕುವವರಿಗೂ ಕಡಿಮೆ ದಾಖಲೆ. ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯ ಜಗಳ ನೋಡಿದವರಿಗೆ ಇದು ಹೊಸದೇನಲ್ಲ. ಹಾಗಾಗಿ ಯಾವುದೇ ಸರ್ಕಾರ 'ಪ್ರಾಯೋಗಿಕವಾಗಿ' ನಿಯಮ ಸಡಿಲಿಸಿದಾಗ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ: ಎಷ್ಟು ದಿನ ಉಳೀತು? ಎಷ್ಟು ಜನ ಬಿಡ್ ಹಾಕಿದ್ರು? ಬೆಲೆ ಇಳೀತಾ, ಏರಿತಾ? ಇವನ್ನು ಬರೆದಿಡುವ ವ್ಯವಸ್ಥೆಯೇ ಇಲ್ಲದಿದ್ದರೆ ಅದು ಟೆಸ್ಟ್ ಅಲ್ಲ, ಟೆಸ್ಟ್ ಹೆಸರಲ್ಲಿ ತೆಗೆದುಕೊಂಡ ತೀರ್ಮಾನ.