ನಿಜಾಮನ ಗೆಳೆತನ, ಸುರಪುರದ ಬೆಲೆ

ಕಲಬುರಗಿಯ ಅಪ್ಪನ ಗುಡಿಯಲ್ಲಿ ಸಮಾಧಿಯಾಗಿರುವ ಶರಣಬಸವೇಶ್ವರರು 1746ರಲ್ಲಿ ಹುಟ್ಟಿ 1822ರಲ್ಲಿ ಲಿಂಗೈಕ್ಯರಾದರು. ಅವರು ಕಂಡ ಕಾಲದಲ್ಲೇ ಈ ಸೀಮೆಯ ಒಡೆಯ ಹೈದರಾಬಾದಿನ ನಿಜಾಮ ಇಂಗ್ಲಿಷ್ ಕಂಪನಿಯ ಮುಷ್ಟಿಯೊಳಗೆ ಹೋದ. ಶರಣರ ದಾಸೋಹಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಡಿಗೆ ಬರುತ್ತಿದ್ದ ರೈತರ ಕಂದಾಯಕ್ಕಂತೂ ಇತ್ತು.

ನಾನು ಇತಿಹಾಸ ಪಾಠ ಹೇಳುತ್ತಿದ್ದಾಗ ಹುಡುಗರು ಕೇಳುತ್ತಿದ್ದರು: ‘ಸರ್, ಅಷ್ಟು ನಿಷ್ಠನಾಗಿದ್ದ ನಿಜಾಮನ್ನ ಬ್ರಿಟಿಷರು 1947ರಾಗ ಯಾಕ ಕೈಬಿಟ್ರು?’ ಕೈಬಿಟ್ಟದ್ದು ಅದೇ ಮೊದಲಲ್ಲಪ್ಪ ಎನ್ನುತ್ತಿದ್ದೆ. ಟಿಪ್ಪುವಿನ ವಿರುದ್ಧ 1790ರಲ್ಲಿ ಕಂಪನಿ, ಮರಾಠರು, ನಿಜಾಮ ಮೂವರೂ ಕೂಡಿದ್ದರು. 1795ರಲ್ಲಿ ಮರಾಠರು ಖರ್ಡಾದಲ್ಲಿ ನಿಜಾಮನ ಮೇಲೆ ಬಿದ್ದಾಗ ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಕುಳಿತ. ಪೆಟ್ಟು ತಿಂದ ನಿಜಾಮ ಫ್ರೆಂಚ್ ಅಧಿಕಾರಿ ರೇಮಂಡನ ಪಡೆಯನ್ನು ಬೆಳೆಸಿದ್ದೇ ತಡ, ಕಂಪನಿಗೆ ಗೆಳೆತನ ಮತ್ತೆ ನೆನಪಾಯಿತು. 1798ರಲ್ಲಿ ವೆಲ್ಲೆಸ್ಲಿ ಸಹಾಯಕ ಸೈನ್ಯದ ಒಪ್ಪಂದ ಮಾಡಿಸಿ ಆ ಪಡೆಯನ್ನು ಚದುರಿಸಿದ. ಸೈನ್ಯದ ಖರ್ಚಿನ ಬಾಬ್ತು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳು ಕಂಪನಿಗೆ ಸೇರಿದವು. ಟಿಪ್ಪುವಿನಿಂದ ನಿಜಾಮನ ಪಾಲಿಗೆ ಬಂದಿದ್ದ ನೆಲವೇ ಕಾವಲಿನ ಕೂಲಿಯಾಗಿ ಹೋಯಿತು.

1853ರಲ್ಲಿ ಡಾಲ್‌ಹೌಸಿ ಸಾಲದ ಲೆಕ್ಕ ತೋರಿಸಿ ಬೆರಾರ್, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ವಶಕ್ಕೆ ತೆಗೆದುಕೊಂಡ. ನಾಲ್ಕೇ ವರ್ಷಕ್ಕೆ ದಂಗೆ ಎದ್ದಿತು. ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ಜನ ನುಗ್ಗಿದರೂ ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಪಕ್ಷ ಬಿಡಲಿಲ್ಲ.

ನಮ್ಮ ಮಗ್ಗುಲ ಸುರಪುರದ ಕಥೆ ಇಲ್ಲಿಯದೇ. ಅಲ್ಲಿಯ ಬೇಡ ದೊರೆ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಆಡಳಿತ ನೋಡಿಕೊಂಡವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗನಿಗೆ ಅವನ ಮೇಲೆ ತಂದೆಯಷ್ಟು ಸಲಿಗೆ. 1858ರ ಫೆಬ್ರುವರಿಯಲ್ಲಿ ಅದೇ ಹುಡುಗ ಇಂಗ್ಲಿಷರ ಮೇಲೆ ತಿರುಗಿಬಿದ್ದ, ಸೋತ, ಹೈದರಾಬಾದಿಗೆ ಓಡಿದ. ಸಾಲಾರ್ ಜಂಗ್ ಹಿಡಿದು ಒಪ್ಪಿಸಿದ. ಮರಣದಂಡನೆ ಇಳಿದು ಸೆರೆವಾಸವಾಗಿ, ಸೆರೆಗೆ ಒಯ್ಯುವ ದಾರಿಯಲ್ಲೇ ದೊರೆ ಪಿಸ್ತೂಲಿನ ಗುಂಡಿಗೆ ಸತ್ತ. 1860ರಲ್ಲಿ ಸುರಪುರ ಸಂಸ್ಥಾನವನ್ನು ಇಂಗ್ಲಿಷರು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ರಾಯಚೂರು, ನಳದುರ್ಗವನ್ನೂ ಮರಳಿಸಿ, 50 ಲಕ್ಷ ರೂಪಾಯಿ ಸಾಲ ಮಾಫಿ ಮಾಡಿದರು. ಬೆರಾರನ್ನು ಮಾತ್ರ ಬಿಡಲಿಲ್ಲ. ಅದು ಹತ್ತಿಯ ಸೀಮೆ. ಮರುವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗೆ ಬಾಯಿಬಿಟ್ಟಾಗ, ಬಿಡದಿದ್ದುದು ಎಷ್ಟು ಜಾಣತನವೆಂದು ಅವರಿಗೇ ತಿಳಿಯಿತು. ಸುರಪುರದವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

1902ರಲ್ಲಿ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಬೆರಾರನ್ನು ಕಾಯಂ ಗುತ್ತಿಗೆ ಬರೆಸಿಕೊಂಡ. ಮೊದಲ ಮಹಾಯುದ್ಧಕ್ಕೆ ಹಣ ಸುರಿದ ಉಸ್ಮಾನ್ ಅಲಿ ಖಾನ್ ‘ನಂಬಿಗಸ್ತ ಮಿತ್ರ’ ಎಂಬ ಬಿರುದು ಪಡೆದ. ಆ ಮಿತ್ರ ಬೆರಾರನ್ನು ವಾಪಸು ಕೇಳಿದ್ದಕ್ಕೆ 1926ರಲ್ಲಿ ವೈಸರಾಯ್ ರೀಡಿಂಗ್ ಬರೆದ ಉತ್ತರ: ಬ್ರಿಟಿಷ್ ಸರ್ಕಾರದೊಡನೆ ಸಮಾನನಾಗಿ ಕುಳಿತು ಮಾತಾಡುವ ಹಕ್ಕು ಹಿಂದೂಸ್ಥಾನದ ಯಾವ ಅರಸನಿಗೂ ಇಲ್ಲ. 1947ರಲ್ಲಿ ಅದೇ ಸರ್ಕಾರ ತನ್ನ ಪರಮಾಧಿಕಾರವೂ ಇಲ್ಲ, ಹಳೆಯ ಒಪ್ಪಂದಗಳೂ ಇಲ್ಲ ಎಂದು ಕಾನೂನು ಮಾಡಿ ಹಡಗು ಹತ್ತಿತು. ಇದನ್ನು ದ್ರೋಹ ಎನ್ನುವವರ ಜೊತೆ ನನ್ನ ತಕರಾರಿದೆ. 1795ರಿಂದಲೂ ಲಂಡನ್ನಿನ ನಡೆಯಲ್ಲಿ ತಪ್ಪಿದ ಹೆಜ್ಜೆ ಒಂದೂ ಕಾಣದು. ಪ್ರತಿ ಸಲವೂ ತನ್ನ ಲಾಭದ ಕಡೆಗೇ ಅದು ನಡೆದಿದೆ.

ದೆಹಲಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು ಎಂದರೆ ಊರಲ್ಲಿ ಕೆಲವರಿಗೆ ಸಿಟ್ಟು. ನಿಜಾಮನೊಡನೆ ದೆಹಲಿ ಮಾಡಿಕೊಂಡ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಒಂದು ವರ್ಷದ್ದು. ಭಾರತದ ಸೇನೆ ಹೈದರಾಬಾದಿಗೆ ನುಗ್ಗಿದ್ದು 1948ರ ಸೆಪ್ಟೆಂಬರ್ 13ರಂದು. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ ನಿಜ, ಬಿಡುಗಡೆ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದದ್ದು, ಇದು ಮನೆಯೊಳಗಿನ ವಿಷಯ ಎಂದು ವಿಶ್ವಸಂಸ್ಥೆಗೆ ಹೇಳಲು. ನಿಜಾಮನ ದೂರು 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿಯ ಮುಂದೆ ಬಂತು. 17ರಂದು ಅವನೇ ಶರಣಾದ. ಬಳಿಕ ನಡೆದ ಕೊಲೆಗಳನ್ನು ವಿಚಾರಿಸಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲರ ತಂಡ, ಅತಿ ಹೆಚ್ಚು ಮುಸಲ್ಮಾನರು ಸತ್ತ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವನ್ನೂ ಹೆಸರಿಸಿತು. ಆ ವರದಿಯನ್ನು ದೆಹಲಿ ದಶಕಗಳ ಕಾಲ ಪ್ರಕಟಿಸಲಿಲ್ಲ.