ಕಾಡಿಗೆ ಯಾವ ಲೆನ್ಸ್?

ವನ್ಯಜೀವಿ ಛಾಯಾಗ್ರಹಣಕ್ಕೆ ಲೆನ್ಸ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ದೂರ ಎಳೆಯುತ್ತೆ?’ ಎಂದು. ನಾಗರಹೊಳೆ, ಬಂಡೀಪುರಗಳಂಥ ಕಾಡುಗಳಿಗೆ ‘ಎಷ್ಟು ಬೆಳಕು ಒಳಗೆ ಬಿಡುತ್ತೆ?’ ಎಂದು ಕೇಳುವುದೇ ಮೇಲು.

ದೂರದ ಲೆಕ್ಕ

ಫೋಕಲ್ ಲೆಂತ್ ಹೆಚ್ಚಿದಷ್ಟೂ ನೋಟದ ಹರವು ಕಿರಿದಾಗಿ ಪ್ರಾಣಿ ದೊಡ್ಡದಾಗಿ ಕಾಣುತ್ತದೆ. ನಿಕಾನ್‌ನ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್, ಫುಲ್‌ಫ್ರೇಮ್‌ನಲ್ಲಿ 600 ಮಿ.ಮೀ. ಕಾಣಿಸುವಷ್ಟೇ ಹರವನ್ನು ಕೊಡುತ್ತದೆ. ಕಡಿಮೆ ಖರ್ಚಿನವರಿಗೆ ಇದು ಲಾಭವೇ. 2x ಟೆಲಿಕನ್ವರ್ಟರ್ ಹಾಕಿ ದೂರವನ್ನು ಇಮ್ಮಡಿಸಬಹುದು, ಆದರೆ ಸೆನ್ಸರಿಗೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಬೆಳಕಿನ ಲೆಕ್ಕ

ಸಫಾರಿ ನಡೆಯುವುದು ಬೆಳಗ್ಗೆ ಮತ್ತು ಸಂಜೆ. ಮರದ ನೆರಳಲ್ಲಿ ಬೆಳಕು ಇನ್ನೂ ಕಡಿಮೆ. ಓಡುವ ಜಿಂಕೆ ಕಲಸಿಹೋಗದಂತೆ ಹಿಡಿಯಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಶಟರ್ ವೇಗ ಬೇಕು. ಲೆನ್ಸಿನ ಸ್ಟೆಬಿಲೈಸರ್ ನಮ್ಮ ಕೈ ನಡುಕವನ್ನು ತಡೆದೀತು, ಜಿಂಕೆಯ ಓಟವನ್ನಲ್ಲ.

600 ಮಿ.ಮೀ. ಎಫ್/4 ಲೆನ್ಸಿಗೆ ಬೆಳಕಿನ ಬಾಗಿಲು 600ನ್ನು 4ರಿಂದ ಭಾಗಿಸಿದಷ್ಟು, ಅಂದರೆ 150 ಮಿ.ಮೀ. ಅಗಲ. ಅಷ್ಟಗಲದ ಗಾಜಿನಿಂದಾಗಿಯೇ ಅದು ಸುಮಾರು 3 ಕೆ.ಜಿ. ತೂಗುತ್ತದೆ, ಬೆಲೆ ಹತ್ತು ಲಕ್ಷ ದಾಟುತ್ತದೆ. 600ರಲ್ಲಿ ಎಫ್/6.3 ಕೊಡುವ 150–600 ಜೂಮ್‌ಗೆ 95 ಮಿ.ಮೀ. ಸಾಕು, ಬೆಳಕು ಮಾತ್ರ ಎರಡೂವರೆ ಪಟ್ಟು ಕಡಿಮೆ. ಆ ಕೊರತೆ ತುಂಬಲು ಐಎಸ್‌ಒ ಏರಿಸಬೇಕು. ಈಗಿನ ಕ್ಯಾಮೆರಾಗಳು ಅದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತವೆ.

ಎಲ್ಲಿಗೆ ಯಾವುದು?

ರಂಗನತಿಟ್ಟಿನಲ್ಲಿ ದೋಣಿ ಮೊಸಳೆ, ಕೊಕ್ಕರೆಗಳ ಹತ್ತಿರಕ್ಕೇ ಹೋಗುತ್ತದೆ, 100–400 ಧಾರಾಳವಾಯಿತು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಇಳಿಯುವ ಆನೆ ಹಿಂಡಿಗೆ 70–200 ಒಪ್ಪುತ್ತದೆ, ಹುಲ್ಲು ನೀರೂ ಚಿತ್ರದೊಳಗೆ ಬರುತ್ತವೆ. ಸಣ್ಣ ಹಕ್ಕಿಗಳಿಗೆ ಮಾತ್ರ 500–600 ಇಲ್ಲದೆ ಗತಿಯಿಲ್ಲ. ಹುಲಿ ಜೀಪಿನ ಪಕ್ಕಕ್ಕೇ ಬಂದರೆ 600ರ ಪ್ರೈಮ್ ಹಿಡಿದವರಿಗೆ ಮುಖವಷ್ಟೇ ದಕ್ಕುತ್ತದೆ!

ನಡುಮಧ್ಯಾಹ್ನ ಬಯಲಿನಾಚೆಯ ಪ್ರಾಣಿಗೆ ಎಷ್ಟು ಉದ್ದದ ಲೆನ್ಸ್ ಇಟ್ಟರೂ ಪ್ರಯೋಜನವಿಲ್ಲ. ಬಿಸಿಗಾಳಿಯ ಅಲೆ ಚಿತ್ರವನ್ನು ಮಸುಕಾಗಿಸುತ್ತದೆ.

ಕೊಳ್ಳುವ ಮುನ್ನ

ಮೊದಲ ಲೆನ್ಸ್ ಜೂಮ್ ಆಗಿರಲಿ: ಪ್ರಾಣಿಗಳಿಗೆ 100–400, ಹಕ್ಕಿಗಳಿಗೆ 150–600. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತವೆ. ಒಂದು ಸಫಾರಿಗಾದರೂ ಒಯ್ದು ನೋಡಿ. ಜೀಪಿನಲ್ಲಿ ಟ್ರೈಪಾಡ್ ಹರಡಲು ಜಾಗವಿರುವುದಿಲ್ಲ, ಕಾಳು ತುಂಬಿದ ಬೀನ್ ಬ್ಯಾಗ್ ಒಯ್ಯಿರಿ. ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕವಿದೆಯೇ ಎಂದು ಸಫಾರಿ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ.